ಕಿಟ್‌ನಿಂದ ಸ್ಟುಡಿಯೊ ಮೈಕ್: ಧ್ವನಿ ನಿರ್ಧಾರವಾಗುವ ಎರಡು ಜಾಗಗಳು

ಹುಬ್ಬಳ್ಳಿ-ಧಾರವಾಡದಲ್ಲಿ ಮನೆಯ ಒಂದು ಕೋಣೆಯಲ್ಲೇ ಗಾಯನ, ಹಾರ್ಮೋನಿಯಂ, ತಬಲಾ, ವಚನಗಾಯನಗಳನ್ನು ಧ್ವನಿಮುದ್ರಿಸಿಕೊಳ್ಳುವವರು ಈಗ ಬಹಳ ಮಂದಿ ಇದ್ದಾರೆ. ಮೈಕಿನ ಸಂಕೇತವನ್ನು ಲ್ಯಾಪ್‌ಟಾಪಿಗೆ ತಲುಪಿಸುವ ಒಂದು ಆಡಿಯೊ ಇಂಟರ್‌ಫೇಸ್, ಒಂದು ಅಗ್ಗದ ಕಂಡೆನ್ಸರ್ ಮೈಕ್, ಒಂದು ಸ್ಟ್ಯಾಂಡ್ ಇಷ್ಟರಿಂದಲೇ ಕೆಲಸ ಶುರುವಾಗುತ್ತದೆ. ಕಿವಿ ಪಳಗಿದಂತೆಲ್ಲ ಆ ಮೈಕಿನ ಮಿತಿಯೂ ಕೇಳತೊಡಗುತ್ತದೆ. ಮುಂದಿನ ಮೆಟ್ಟಿಲೆಂದು ಎಲ್ಲರೂ ಹೆಸರಿಸುವ ನಾಯ್‌ಮನ್ ಯು 87ರಂಥ ಮೈಕ್‌ಗಳ ಬೆಲೆ ಲಕ್ಷಗಳಲ್ಲಿರುವುದರಿಂದ, ಬಿಡಿಭಾಗಗಳನ್ನು ತರಿಸಿಕೊಂಡು ತಾವೇ ಬೆಸುಗೆ ಹಾಕಿ ಜೋಡಿಸುವ ಕಿಟ್‌ಗಳ ಕಡೆಗೆ ಗಮನ ಹೋಗುವುದು ಸಹಜ. ಕಿಟ್ ಎಂದರೆ ಸದ್ದನ್ನು ಹಿಡಿಯುವ ಒಂದು ಕ್ಯಾಪ್ಸೂಲ್, ಭಾಗಗಳನ್ನು ಕೂರಿಸುವ ಪಿಸಿಬಿ ಎಂಬ ಬೋರ್ಡ್, ಕೆಲವು ಡಜನ್ ಸಣ್ಣ ಭಾಗಗಳು, ಲೋಹದ ಮೈ ಮತ್ತು ಅದರ ಮೇಲಿನ ಜಾಲರಿ. ಇವೆಲ್ಲಕ್ಕೂ ಸಮನಾದ ಎಚ್ಚರ ಬೇಕೆಂದು ಹೊಸಬರು ಭಾವಿಸುತ್ತಾರೆ. ವಾಸ್ತವವಾಗಿ ಮೈಕಿನ ಗುಣ ಬಹುಮಟ್ಟಿಗೆ ಎರಡು ಕಡೆ ತೀರ್ಮಾನವಾಗುತ್ತದೆ: ಕ್ಯಾಪ್ಸೂಲಿಗೂ ಸರ್ಕ್ಯೂಟಿಗೂ ಇರುವ ಹೊಂದಾಣಿಕೆಯಲ್ಲಿ ಮತ್ತು ಕ್ಯಾಪ್ಸೂಲಿನ ತಂತಿ ಸರ್ಕ್ಯೂಟನ್ನು ಸೇರುವ ಒಂದೇ ಒಂದು ಸಂಧಿಯಲ್ಲಿ. ಉಳಿದದ್ದು ರೇಡಿಯೊ ರಿಪೇರಿಯ ಮಟ್ಟದ ಕೈಕೆಲಸ.

ಕಂಡೆನ್ಸರ್ ಮೈಕಿನ ತತ್ತ್ವ ಹಳೆಯದು. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಇ. ಸಿ. ವೆಂಟೆ 1916ರಲ್ಲಿ ಅದನ್ನು ರೂಪಿಸಿದರು. ಇಂದಿನ ದೊಡ್ಡ ಕ್ಯಾಪ್ಸೂಲುಗಳಲ್ಲಿ ಹಿತ್ತಾಳೆಯ ಒಂದು ದಪ್ಪ ಬಿಲ್ಲೆಯ ಮುಂದೆ, ಬಂಗಾರದ ಲೇಪ ಕೊಟ್ಟ ಪಾಲಿಯೆಸ್ಟರ್ ಪರೆಯೊಂದನ್ನು ಬಿಗಿದು ಕಟ್ಟಿರುತ್ತಾರೆ. ಪರೆಯ ದಪ್ಪ ಸಾಮಾನ್ಯವಾಗಿ 6 ಮೈಕ್ರಾನ್, ಎಂದರೆ ತಲೆಗೂದಲಿನ ಹತ್ತರಲ್ಲೊಂದು ಪಾಲು. ಬಿಲ್ಲೆಗೂ ಪರೆಗೂ ನಡುವಿನ ಅಂತರ ಸುಮಾರು 40 ಮೈಕ್ರಾನ್. ಬಿಲ್ಲೆ ಮತ್ತು ಪರೆ ಎರಡೂ ವಿದ್ಯುತ್ ವಾಹಕಗಳಾದ್ದರಿಂದ ಅವೆರಡೂ ಸೇರಿ ವಿದ್ಯುದಾವೇಶ ಹಿಡಿದಿಡುವ ಒಂದು ಕೆಪಾಸಿಟರ್ ಆಗುತ್ತದೆ. ಅದರ ಮೌಲ್ಯ 50ರಿಂದ 100 ಪಿಕೊಫ್ಯಾರಡ್‌ನ ಆಸುಪಾಸು, ಎಂದರೆ ಒಂದು ಮೀಟರ್ ಮೈಕ್ ಕೇಬಲಿನೊಳಗೆ ತಾನಾಗಿಯೇ ಇರುವಷ್ಟು.

ಈ ಕೆಪಾಸಿಟರಿಗೆ 40ರಿಂದ 60 ವೋಲ್ಟ್‌ವರೆಗಿನ ಒಂದು ಸ್ಥಿರ ಒತ್ತಡ ಕೊಟ್ಟು ಅದರಲ್ಲಿ ವಿದ್ಯುದಾವೇಶ ತುಂಬಿಸಲಾಗುತ್ತದೆ. ಹಾಡುವವರ ದನಿಯಿಂದ ಪರೆ ಅಲುಗಿದಾಗ ಅಂತರ ಹೆಚ್ಚುಕಡಿಮೆಯಾಗುತ್ತದೆ, ಅಂತರದೊಂದಿಗೆ ಕೆಪಾಸಿಟರಿನ ಮೌಲ್ಯವೂ ಬದಲಾಗುತ್ತದೆ. ಒಳಗಿನ ಆವೇಶ ಅಷ್ಟೇ ಇದ್ದು ಮೌಲ್ಯ ಮಾತ್ರ ಬದಲಾದರೆ ವೋಲ್ಟೇಜ್ ಬದಲಾಗಲೇಬೇಕು. ಆ ಬದಲಾವಣೆಯೇ ನಮಗೆ ಬೇಕಾದ ಧ್ವನಿಸಂಕೇತ. ಲೆಕ್ಕವನ್ನು ಹತ್ತಿರದಿಂದ ನೋಡುವುದಾದರೆ, 94 ಡೆಸಿಬಲ್ ಸದ್ದಿಗೆ, ಅಂದರೆ ಮೈಕಿನ ಸಮೀಪ ಗಟ್ಟಿಯಾಗಿ ಹಾಡಿದಾಗ, ಇಂಥ ಮೈಕ್ ಕೊಡುವುದು 10ರಿಂದ 20 ಮಿಲಿವೋಲ್ಟ್. ಕೊಟ್ಟಿರುವ ಸ್ಥಿರ ಒತ್ತಡದ ಎದುರು ಇದು ಕೆಲವು ಸಾವಿರದಲ್ಲೊಂದು ಭಾಗ ಮಾತ್ರ. ಆ ಪ್ರಮಾಣದಿಂದ ಎಣಿಸಿದರೆ ಪರೆ ಅಲುಗಿರುವುದು ಹತ್ತಾರು ನ್ಯಾನೊಮೀಟರುಗಳ ಒಳಗೆ. ಪರೆಯನ್ನು ಬೆರಳಿನಿಂದ ಮುಟ್ಟಬಾರದು, ಧೂಳು ಕೂತರೆ ಒರೆಸಬಾರದು, ಬಾಯಿಂದ ಊದಲೂ ಬಾರದು ಎಂಬ ನಿಯಮಗಳಿಗೆ ಇದೇ ಕಾರಣ. ಒಂದೆರಡು ಧೂಳಿನ ಕಣದಿಂದ ಆಗುವ ಹಾನಿ ಅಷ್ಟಕ್ಕಷ್ಟೇ, ಅದನ್ನು ತೆಗೆಯಹೋಗಿ ಪರೆ ಹರಿದರೆ ಕ್ಯಾಪ್ಸೂಲ್ ಪೂರ್ತಿ ಹೋದಂತೆ.

ಮೇಲೆ "ಆವೇಶ ಅಷ್ಟೇ ಇದ್ದು" ಎಂದು ಸುಲಭವಾಗಿ ಹೇಳಿದ ಮಾತಿನಲ್ಲಿಯೇ ಇಡೀ ಕಷ್ಟ ಅಡಗಿದೆ. ಕ್ಯಾಪ್ಸೂಲಿಗೆ ಒತ್ತಡ ಕೊಡುವ ದಾರಿಯ ಮೂಲಕವೇ ಆವೇಶ ಹಿಂದಕ್ಕೂ ಹರಿದುಹೋಗಬಲ್ಲದು. ಹಾಗಾಗದಂತೆ ಆ ದಾರಿಯಲ್ಲಿ ಅತಿ ದೊಡ್ಡ ರೆಸಿಸ್ಟರ್ ಒಂದನ್ನು ಇಡುತ್ತಾರೆ. ಬಹಳ ಕಿಟ್‌ಗಳಲ್ಲಿ ಅದರ ಮೌಲ್ಯ 1 ಗಿಗಾಓಮ್, ಅಂದರೆ ನೂರು ಕೋಟಿ ಓಮ್. ಇಷ್ಟು ದೊಡ್ಡದು ಏಕೆ ಬೇಕೆಂಬುದು ಒಂದು ಸರಳ ಲೆಕ್ಕದಿಂದ ತಿಳಿಯುತ್ತದೆ. 70 ಪಿಕೊಫ್ಯಾರಡ್ ಕ್ಯಾಪ್ಸೂಲಿನೊಂದಿಗೆ 1 ಗಿಗಾಓಮ್ ಇದ್ದರೆ ಮೈಕ್ 2 ಹರ್ಟ್ಸ್‌ಗಿಂತ ತುಸು ಮೇಲಿನಿಂದಲೇ ಸರಿಯಾಗಿ ಕೇಳಿಸಿಕೊಳ್ಳುತ್ತದೆ. 100 ಮೆಗಾಓಮ್ ಆದರೆ ಆ ಗಡಿ ಸುಮಾರು 23 ಹರ್ಟ್ಸ್‌ಗೆ ಏರುತ್ತದೆ. 10 ಮೆಗಾಓಮ್ ಆದರೆ ಸುಮಾರು 230 ಹರ್ಟ್ಸ್‌ಗೆ. ಕೊನೆಯದರಲ್ಲಿ ಗಂಡುದನಿಯ ಷಡ್ಜ ಮತ್ತು ತಂಬೂರಿಯ ಖರ್ಜ ಎರಡೂ ತೆಳ್ಳಗಾಗಿ ಹೋಗುತ್ತವೆ. ರೆಸಿಸ್ಟರ್ ದೊಡ್ಡದಾದಷ್ಟೂ ಅದು ತಾನೇ ಹುಟ್ಟಿಸುವ ಗದ್ದಲ ಹೆಚ್ಚಬೇಕಲ್ಲವೇ ಎಂದು ಎಲೆಕ್ಟ್ರಾನಿಕ್ಸ್ ಓದಿದವರು ಕೇಳಬಹುದು. ಗದ್ದಲ ಹೆಚ್ಚುವುದೇನೋ ನಿಜ, ಆದರೆ ಕ್ಯಾಪ್ಸೂಲಿನ ಕೆಪಾಸಿಟರೇ ಅದನ್ನು ಸೋಸಿ ಕಿವಿಗೆ ಕೇಳದ ಕೆಳಗಿನ ಕಂಪನಗಳಿಗೆ ತಳ್ಳಿಬಿಡುತ್ತದೆ. ಹಾಗಾಗಿ ಇಲ್ಲಿ ರೆಸಿಸ್ಟರ್ ದೊಡ್ಡದಿದ್ದಷ್ಟೂ ಮೈಕ್ ಹೆಚ್ಚು ನಿಶ್ಶಬ್ದ.

ಈ ಬಿಡಿಭಾಗ ಹುಬ್ಬಳ್ಳಿಯ ಪೇಟೆಯಲ್ಲಿ ಸುಲಭವಾಗಿ ಸಿಗುವಂಥದ್ದಲ್ಲ. ಬೇರೆ ರೆಸಿಸ್ಟರ್, ಕೆಪಾಸಿಟರ್, ಸೋಲ್ಡರ್ ತಂತಿಗಳೆಲ್ಲ ಇಲ್ಲಿಯೇ ದೊರೆಯುತ್ತವೆ, ಆದರೆ ಗಿಗಾಓಮ್ ರೆಸಿಸ್ಟರನ್ನು ಕಿಟ್‌ನೊಂದಿಗೆ ಬಂದಿರುವಾಗಲೇ ಜೋಪಾನ ಮಾಡಬೇಕು. ಅದನ್ನು ಮಲ್ಟಿಮೀಟರಿನಿಂದ ಪರೀಕ್ಷಿಸಲು ಹೋದವರಿಗೆ ಪರದೆಯ ಮೇಲೆ "ಓಎಲ್" ಎಂದು ಮಾತ್ರ ಕಾಣಿಸುತ್ತದೆ; ಸಾಮಾನ್ಯ ಮೀಟರುಗಳ ಅಳತೆ ಕೆಲವು ಹತ್ತು ಅಥವಾ ಕೆಲವು ನೂರು ಮೆಗಾಓಮ್‌ಗೇ ಮುಗಿಯುತ್ತದೆ. ರೆಸಿಸ್ಟರ್ ಕೆಟ್ಟಿದೆಯೆಂದು ಎಸೆಯಬಾರದು. ಅದರ ನಡುಮೈಯನ್ನು ಬರಿಗೈಯಿಂದ ಹಿಡಿಯಲೂ ಬಾರದು, ಏಕೆಂದರೆ ಬೆರಳ ಬೆವರಿನ ಉಪ್ಪು ಅದರ ಮೇಲೆ ತೆಳುವಾಗಿ ಹರಡಿ ಗಿಗಾಓಮ್‌ಗೆ ಪಕ್ಕದಲ್ಲೇ ಇನ್ನೊಂದು ದಾರಿ ತೆರೆದುಕೊಡುತ್ತದೆ. ಚಿಮಟದಿಂದ ಎರಡು ಕಡ್ಡಿಗಳಲ್ಲೊಂದನ್ನು ಹಿಡಿದು ಎತ್ತುವುದೇ ಸರಿ.

ಕ್ಯಾಪ್ಸೂಲಿನ ಸಂಕೇತ ಇಷ್ಟು ದುರ್ಬಲವಾದ್ದರಿಂದ ಅದನ್ನು ನೇರವಾಗಿ ಕೇಬಲಿಗೆ ಕೊಡಲಾಗದು. ಐದು ಮೀಟರ್ ಕೇಬಲಿನ ಕೆಪಾಸಿಟರ್ ಗುಣ ಸುಮಾರು 500 ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ, 70 ಪಿಕೊಫ್ಯಾರಡ್‌ನ ಕ್ಯಾಪ್ಸೂಲಿನಿಂದ ಹೊರಟ ಸಂಕೇತದ ಎಂಟರಲ್ಲೊಂದು ಭಾಗ ಮಾತ್ರ ಆಚೆ ತುದಿ ಮುಟ್ಟುತ್ತದೆ. ಅದಕ್ಕಾಗಿ ಮೈಕಿನ ಮೈಯೊಳಗೇ, ಕ್ಯಾಪ್ಸೂಲಿನ ಬುಡದಲ್ಲೇ, ಎಫ್‌ಇಟಿ ಎಂಬ ಟ್ರಾನ್ಸಿಸ್ಟರನ್ನು ಕೂರಿಸುತ್ತಾರೆ. ಅದರ ಗೇಟ್ ಎಂಬ ಕಾಲು ಹೆಚ್ಚುಕಡಿಮೆ ಯಾವ ವಿದ್ಯುತ್ತನ್ನೂ ಎಳೆದುಕೊಳ್ಳದೆ ವೋಲ್ಟೇಜನ್ನು ಮಾತ್ರ ಗಮನಿಸಿ, ಅದನ್ನೇ ಕೇಬಲ್ ಓಡಿಸಬಲ್ಲ ಬಲದೊಂದಿಗೆ ಹೊರಗೆ ಕೊಡುತ್ತದೆ. ಹಳೆಯ ಮೈಕ್‌ಗಳಲ್ಲಿ ಈ ಕೆಲಸವನ್ನು ವಾಲ್ವ್‌ಗಳು ಮಾಡುತ್ತಿದ್ದವು. ಇಂದಿನ ಕಿಟ್‌ಗಳಲ್ಲಿ ಹೆಚ್ಚು ಕಾಣುವುದು ಶೋಪ್ಸ್ ಎಂಬ ಜರ್ಮನ್ ಕಂಪನಿಯ ಮೈಕ್‌ಗಳಿಂದ ಬಂದ ಸರ್ಕ್ಯೂಟ್: ಎಫ್‌ಇಟಿ ಒಂದೇ ಸಂಕೇತವನ್ನು ಪರಸ್ಪರ ವಿರುದ್ಧವಾದ ಎರಡು ಪ್ರತಿಗಳಾಗಿ ಒಡೆಯುತ್ತದೆ, ಎರಡು ಟ್ರಾನ್ಸಿಸ್ಟರುಗಳು ಅವನ್ನು ಕೇಬಲ್ ಸಿಕ್ಕಿಸುವ ಮೂರು ಪಿನ್‌ಗಳ ಎಕ್ಸ್‌ಎಲ್‌ಆರ್ ಜ್ಯಾಕಿನ 2 ಮತ್ತು 3ನೇ ಪಿನ್‌ಗಳಿಗೆ ತಲುಪಿಸುತ್ತವೆ. ದಾರಿಯಲ್ಲಿ ಕೇಬಲಿಗೆ ಹೊಕ್ಕ ಗದ್ದಲ ಎರಡೂ ತಂತಿಗಳಲ್ಲಿ ಒಂದೇ ರೀತಿ ಇರುವುದರಿಂದ, ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಅಳಿದು ಸಂಕೇತ ಇಮ್ಮಡಿಯಾಗುತ್ತದೆ.

ಇಷ್ಟಕ್ಕೆಲ್ಲ ವಿದ್ಯುತ್ ಬರುವುದು ಅದೇ ಕೇಬಲಿನ ಮೂಲಕ. ಇಂಟರ್‌ಫೇಸಿನ ಮೇಲೆ "48 ವಿ" ಎಂಬ ಗುಂಡಿ ಒತ್ತಿದಾಗ 2 ಮತ್ತು 3ನೇ ಪಿನ್‌ಗಳೆರಡಕ್ಕೂ ತಲಾ 6.8 ಕಿಲೋಓಮ್ ರೆಸಿಸ್ಟರಿನ ಮೂಲಕ 48 ವೋಲ್ಟ್ ಸಿಗುತ್ತದೆ. ಮರಳುವ ದಾರಿ 1ನೇ ಪಿನ್. ಇದೇ ಫ್ಯಾಂಟಮ್ ಪವರ್. 48 ಎಂಬ ಸಂಖ್ಯೆಗೆ ಧ್ವನಿಯೊಂದಿಗೆ ಯಾವ ಸಂಬಂಧವೂ ಇಲ್ಲ: 1966ರಲ್ಲಿ ನಾರ್ವೆಯ ಪ್ರಸಾರ ಸಂಸ್ಥೆಗಾಗಿ ನಾಯ್‌ಮನ್ ಕಂಪನಿ ಈ ವ್ಯವಸ್ಥೆ ರೂಪಿಸಿದಾಗ, ಅಲ್ಲಿನ ಸ್ಟುಡಿಯೊಗಳಲ್ಲಿ ತುರ್ತು ದೀಪಗಳಿಗೆಂದು 48 ವೋಲ್ಟ್ ಮೊದಲೇ ಇತ್ತು. ಕಿಟ್ ಜೋಡಿಸುವವರು ಇಲ್ಲಿ ನೆನಪಿಡಬೇಕಾದ ಲೆಕ್ಕ ಒಂದಿದೆ. ಎರಡು ರೆಸಿಸ್ಟರುಗಳೂ ಸೇರಿ 3.4 ಕಿಲೋಓಮ್ ಆಗುವುದರಿಂದ, ಸರ್ಕ್ಯೂಟ್ 3 ಮಿಲಿಆಂಪಿಯರ್ ಎಳೆದರೆ 10 ವೋಲ್ಟ್ ದಾರಿಯಲ್ಲೇ ಇಳಿದು ಮೈಕಿನ ಬಾಗಿಲಿಗೆ 38 ವೋಲ್ಟ್ ಮಾತ್ರ ತಲುಪುತ್ತದೆ. ಮೀಟರಿನಲ್ಲಿ 48ರ ಬದಲು 38 ಕಂಡರೆ ಅದು ದೋಷವಲ್ಲ. 20 ಕಂಡರೆ ಎಲ್ಲೋ ಒಂದು ಭಾಗ ತಿರುಗುಮುರುಗಾಗಿದೆ ಎಂದರ್ಥ.

ಇನ್ನು ಕ್ಯಾಪ್ಸೂಲಿನ ಆಯ್ಕೆ. ಹಣದ ಬಹುಭಾಗ ಹೋಗುವುದೂ, ತಪ್ಪು ನಡೆಯುವುದೂ ಇಲ್ಲಿಯೇ. ಪೇಟೆಯಲ್ಲಿರುವ ದೊಡ್ಡ ಕ್ಯಾಪ್ಸೂಲುಗಳಲ್ಲಿ ಬಹಳಷ್ಟು ನಾಯ್‌ಮನ್ ಕಂಪನಿಯ ಎರಡು ಹಳೆಯ ವಿನ್ಯಾಸಗಳ ನಕಲುಗಳು: ಕೆ 47 ಮತ್ತು ಕೆ 67. ಎರಡನೆಯದು 1960ರಲ್ಲಿ ಬಂದ ಯು 67 ಮೈಕಿಗಾಗಿ ಮಾಡಿದ್ದು. ಅದು ಸುಮಾರು 8ರಿಂದ 12 ಕಿಲೋಹರ್ಟ್ಸ್ ನಡುವಿನ ಸದ್ದನ್ನು ಎತ್ತಿ ಕೊಡುತ್ತದೆ. ಮೂಲ ಮೈಕಿನ ಸರ್ಕ್ಯೂಟ್ ಆ ಏರಿಕೆಯನ್ನು ತಿಳಿದೇ ಅಷ್ಟೇ ತಗ್ಗಿಸುತ್ತಿತ್ತು, ಇದರಿಂದ ಧ್ವನಿ ಸಮತೂಕದಲ್ಲಿ ಉಳಿದು ಸರ್ಕ್ಯೂಟಿನ ಗದ್ದಲವೂ ಕಡಿಮೆಯಾಗುತ್ತಿತ್ತು. ಅಗ್ಗದ ಮೈಕ್‌ಗಳು ಕ್ಯಾಪ್ಸೂಲನ್ನು ನಕಲು ಮಾಡಿದವು, ತಗ್ಗಿಸುವ ಭಾಗವನ್ನು ಕೈಬಿಟ್ಟು ಸರಳವಾದ ಶೋಪ್ಸ್ ಮಾದರಿಯ ಸರ್ಕ್ಯೂಟಿಗೆ ಅದನ್ನು ಕಟ್ಟಿದವು. ಪರಿಣಾಮವಾಗಿ ಸಕಾರ ಶಕಾರಗಳು ಕಿವಿ ಚುಚ್ಚುತ್ತವೆ, ಹಾರ್ಮೋನಿಯಂ ರೀಡುಗಳು ಕೀರಲಾಗಿ ಕೇಳುತ್ತವೆ, ತಂಬೂರಿಯ ಜವಾರಿ ತಂತಿಯಿಂದ ಬೇರೆಯಾಗಿ ತಗಡಿನ ಸದ್ದಿನಂತೆ ಮೇಲೆ ತೇಲುತ್ತದೆ. ಇದು "ಚೀನಾ ಮೈಕಿನ ಧ್ವನಿ" ಎಂದು ಕೆಲವರು ಹೇಳುವುದು ಅರ್ಧಸತ್ಯ. ಕ್ಯಾಪ್ಸೂಲ್ ಕೆಟ್ಟದಿರಬೇಕೆಂದಿಲ್ಲ, ಜೋಡಿ ಕೂಡಿಲ್ಲ ಅಷ್ಟೇ.

ಆದ್ದರಿಂದ ಕಿಟ್ ಕೊಳ್ಳುವಾಗ ಕೇಳಬೇಕಾದ ಮೊದಲ ಪ್ರಶ್ನೆ, ಕ್ಯಾಪ್ಸೂಲ್ ಯಾವುದು ಎಂಬುದಕ್ಕಿಂತ, ಆ ಕ್ಯಾಪ್ಸೂಲಿಗೆ ತಕ್ಕ ಸರ್ಕ್ಯೂಟ್ ಇದೆಯೇ ಎಂಬುದು. ಸರ್ಕ್ಯೂಟ್ ಸಪಾಟಾಗಿದ್ದರೆ, ಎಂದರೆ ಯಾವ ಸದ್ದನ್ನೂ ತಗ್ಗಿಸದಿದ್ದರೆ, ಮೇಲಿನ ಏರಿಕೆ ಕಡಿಮೆಯಿರುವ ಕೆ 47 ಬಗೆಯ ಕ್ಯಾಪ್ಸೂಲ್ ಒಗ್ಗುತ್ತದೆ. ಕೆ 67 ಬೇಕೇಬೇಕೆಂದರೆ ಏರಿಕೆಯನ್ನು ತಗ್ಗಿಸುವ ಭಾಗಗಳಿರುವ ಸರ್ಕ್ಯೂಟ್ ಬೇಕು. ಹಿಂದೂಸ್ತಾನಿ ಗಾಯನ ಮತ್ತು ತಂಬೂರಿಯೇ ಮುಖ್ಯವಾಗಿರುವ ಧಾರವಾಡ, ಗದಗದ ಕಡೆಯವರಿಗೆ ನನ್ನ ಒಲವು ಮೊದಲನೆಯದರ ಕಡೆಗೆ. ಮೊದಲ ಸಲ ಜೋಡಿಸುವವರಿಗೆ ಇನ್ನೊಂದು ಸುಲಭದ ದಾರಿಯೂ ಇದೆ: ಎಲೆಕ್ಟ್ರೆಟ್ ಕ್ಯಾಪ್ಸೂಲ್. 1962ರಲ್ಲಿ ಬೆಲ್ ಪ್ರಯೋಗಾಲಯದ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಈ ಬಗೆಯಲ್ಲಿ ಆವೇಶವನ್ನು ವಸ್ತುವಿನೊಳಗೇ ಶಾಶ್ವತವಾಗಿ ಕೂರಿಸಿರುವುದರಿಂದ ಹೊರಗಿನ ಸ್ಥಿರ ಒತ್ತಡ ಬೇಡ, ಭಾಗಗಳೂ ಕಡಿಮೆ. ಎಲೆಕ್ಟ್ರೆಟ್ ಎಂದರೆ ಕೀಳು ಎಂಬ ಭಾವನೆ ಸರಿಯಲ್ಲ. ಅಂಗಡಿಗಳಲ್ಲಿ ಸಿಗುವ ಅತಿ ಅಗ್ಗದ ಮೈಕ್‌ಗಳ ದೊಡ್ಡ ಮೈಯೊಳಗೆ ಗುಂಡಿಯಷ್ಟು ಚಿಕ್ಕ ಎಲೆಕ್ಟ್ರೆಟ್ ಇರುವುದರಿಂದ ಅದಕ್ಕೆ ಆ ಹೆಸರು ಬಂದಿದೆ. ಒಂದಿಂಚಿನ ಎಲೆಕ್ಟ್ರೆಟ್ ಕ್ಯಾಪ್ಸೂಲಿನಿಂದ ಒಳ್ಳೆಯ ಮೈಕ್ ಆಗುತ್ತದೆ.

ಬೆಸುಗೆಯ ಕೆಲಸದಲ್ಲಿ ಹೊಸದೇನೂ ಇಲ್ಲ. ತವರ 63, ಸೀಸ 37 ಪ್ರಮಾಣದ ಸೋಲ್ಡರ್ 183 ಡಿಗ್ರಿಯಲ್ಲಿ ಕರಗುತ್ತದೆ. ಐರನ್ನಿನ ತುದಿ 320ರಿಂದ 350 ಡಿಗ್ರಿ ಇದ್ದರೆ ಸಾಕು. ಗಿಡ್ಡ ಭಾಗಗಳು ಮೊದಲು, ಎತ್ತರದವು ಆಮೇಲೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಮತ್ತು ಟ್ರಾನ್ಸಿಸ್ಟರುಗಳ ದಿಕ್ಕನ್ನು ಎರಡು ಸಲ ನೋಡಬೇಕು. ಪಾಲಿಸ್ಟೈರಿನ್ ಕೆಪಾಸಿಟರ್ ಬಿಸಿಗೆ ಬೇಗ ಕುಗ್ಗುತ್ತದೆ, ಅದರ ಕಾಲಿಗೆ ಚಿಮಟ ಹಚ್ಚಿ ಶಾಖ ಹೀರಿಸಿ ಬೆಸುಗೆ ಹಾಕಬೇಕು. ಕ್ಯಾಪ್ಸೂಲ್ ಕೊನೆಗೆ, ತಂತಿಯನ್ನು ಲಗ್ ಎಂಬ ಪುಟ್ಟ ಲೋಹದ ತುಂಡಿಗೆ ದೂರದಲ್ಲೇ ಬೆಸೆದುಕೊಂಡು, ಆಮೇಲೆ ಲಗ್ಗನ್ನು ಕ್ಯಾಪ್ಸೂಲಿಗೆ ಸ್ಕ್ರೂ ಮಾಡಬೇಕೇ ಹೊರತು ಕ್ಯಾಪ್ಸೂಲಿನ ಮೇಲೆ ಐರನ್ ಇಡಬಾರದು.

ಎಚ್ಚರವನ್ನೆಲ್ಲ ಕೂಡಿಡಬೇಕಾದ ಜಾಗ ಒಂದೇ. ಕ್ಯಾಪ್ಸೂಲಿನಿಂದ ಬರುವ ತಂತಿ, ಗಿಗಾಓಮ್ ರೆಸಿಸ್ಟರಿನ ಒಂದು ತುದಿ, ಜೋಡಣೆಯ ಸಣ್ಣ ಕೆಪಾಸಿಟರ್ ಮತ್ತು ಎಫ್‌ಇಟಿಯ ಗೇಟ್ ಸೇರುವ ಸಂಧಿ ಅದು. ಒಳ್ಳೆಯ ಕಿಟ್‌ಗಳಲ್ಲಿ ಈ ಸಂಧಿ ಪಿಸಿಬಿಯನ್ನು ಮುಟ್ಟುವುದೇ ಇಲ್ಲ: ಗೇಟಿನ ಕಾಲನ್ನು ಮೇಲಕ್ಕೆ ಬಾಗಿಸಿ, ರೆಸಿಸ್ಟರಿನ ಕಡ್ಡಿಯೊಂದಿಗೆ ಗಾಳಿಯಲ್ಲೇ ಸೇರಿಸಿ ಬೆಸೆದಿರುತ್ತಾರೆ, ಅಥವಾ ಟೆಫ್ಲಾನ್ ಗೂಟವೊಂದರ ತಲೆಯ ಮೇಲೆ ಕೂರಿಸಿರುತ್ತಾರೆ. ಅಸಹ್ಯವಾಗಿ ಕಾಣುತ್ತದೆಂದು ಅದನ್ನು ಬೋರ್ಡಿಗೆ ಒತ್ತಿ ನೇರಮಾಡಬಾರದು. ಬೋರ್ಡಿನ ಮೇಲ್ಮೈಗಿಂತ ಗಾಳಿ ಮತ್ತು ಟೆಫ್ಲಾನ್ ಬಹಳ ಉತ್ತಮ ನಿರೋಧಕಗಳು. ಬೆಸುಗೆ ಮುಗಿದ ಮೇಲೆ ಅಲ್ಲಿ ಉಳಿಯುವ ಜೇನುಬಣ್ಣದ ಫ್ಲಕ್ಸನ್ನು, ಎಂದರೆ ಸೋಲ್ಡರಿನೊಳಗಿಂದ ಬಂದ ಅಂಟನ್ನು, ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಗಡಸು ಬ್ರಷ್‌ನಿಂದ ತೊಳೆಯಬೇಕು, ಕೊಳೆಯಾದ ದ್ರವ ಒಣಗಿ ಮತ್ತೆ ಅಲ್ಲೇ ಅಂಟದಂತೆ ಹೊಸ ದ್ರವದಿಂದ ಇನ್ನೊಮ್ಮೆ ತೊಳೆಯಬೇಕು, ಆಮೇಲೆ ಅಲ್ಲಿಗೆ ಬೆರಳು ಹೋಗಬಾರದು. ಈ ಕೆಲಸ ಕ್ಯಾಪ್ಸೂಲ್ ಕೂರಿಸುವ ಮುಂಚೆಯೇ ಆಗಬೇಕೆಂದು ಬೇರೆ ಹೇಳಬೇಕಿಲ್ಲ.

ಬೇಸಿಗೆಯಲ್ಲಿ ಜೋಡಿಸಿದ ಮೈಕ್ ಜುಲೈನಲ್ಲಿ ಏಕೆ ಚಟಪಟ ಎನ್ನುತ್ತದೆ ಎಂಬುದಕ್ಕೂ ಉತ್ತರ ಇದೇ ಸಂಧಿಯಲ್ಲಿದೆ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಮಳೆಗಾಲದ ಜಿಟಿಜಿಟಿ ದಿನಗಳಲ್ಲಿ ಗೋಡೆ, ಬಟ್ಟೆ, ಪುಸ್ತಕ ಎಲ್ಲವೂ ತೇವ ಹಿಡಿಯುತ್ತವೆ. ಫ್ಲಕ್ಸಿನ ಉಳಿಕೆ ಅಥವಾ ಬೆವರಿನ ಉಪ್ಪು ಆ ತೇವವನ್ನು ಹೀರಿಕೊಂಡು ವಿದ್ಯುತ್ ಸೋರುವ ದಾರಿಯಾಗುತ್ತದೆ. ಆ ಸೋರಿಕೆಯ ದಾರಿ 1 ಗಿಗಾಓಮ್‌ನಷ್ಟೇ ಇದ್ದರೂ ಸಾಕು, ಕ್ಯಾಪ್ಸೂಲಿಗೆ ಸಿಗುವ ಒತ್ತಡ ಅರ್ಧಕ್ಕಿಳಿದು ಮೈಕಿನ ಸಂವೇದನೆ 6 ಡೆಸಿಬಲ್ ಕುಗ್ಗುತ್ತದೆ. ಸೋರಿಕೆ ಒಂದೇ ಹದದಲ್ಲಿ ನಡೆಯದೆ ತಟ್ಟನೆ ಹೆಚ್ಚಿ ತಟ್ಟನೆ ಕಡಿಮೆಯಾಗುವುದರಿಂದ ಹಾಡಿನ ನಡುವೆ ಸಿಡಿತದ ಸದ್ದು ಕೇಳಿಸುತ್ತದೆ. ಅದೇ ಮೈಕನ್ನು ಗದಗದ ಒಣ ಹವೆಗೆ ಒಯ್ದರೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡಬಹುದು, ಆದ್ದರಿಂದಲೇ ಈ ದೋಷವನ್ನು ಹಿಡಿಯುವುದು ಕಷ್ಟ. ಮಳೆಗಾಲದಲ್ಲಿ ಮೈಕನ್ನು ಸ್ಟ್ಯಾಂಡಿನ ಮೇಲೆಯೇ ಬಿಡದೆ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಬೇಕು. ಹಾಡುವವರ ಬಾಯಿಗೂ ಮೈಕಿಗೂ ನಡುವೆ ಬಟ್ಟೆಯ ಪಾಪ್ ಫಿಲ್ಟರ್ ಇರಲಿ. ಅದು ಪಕಾರ ಬಕಾರಗಳ ಗಾಳಿಯ ಹೊಡೆತವನ್ನಷ್ಟೇ ಅಲ್ಲ, ಉಸಿರಿನ ತೇವವನ್ನೂ ತಡೆಯುತ್ತದೆ.

ಮೊದಲ ಸಲ ವಿದ್ಯುತ್ ಕೊಡುವಾಗ ಅನೇಕರನ್ನು ಗಾಬರಿಗೊಳಿಸುವುದು ಗುಂಯ್ ಎನ್ನುವ ದೊಡ್ಡ ಸದ್ದು. ಮೈಕಿನ ಲೋಹದ ಮೈ ಮತ್ತು ಜಾಲರಿ ಅಂದಕ್ಕಾಗಿ ಇರುವುದಲ್ಲ. 1ನೇ ಪಿನ್‌ಗೆ ಸೇರಿದ ಅವು ಮನೆಯ ವೈರಿಂಗಿನ 50 ಹರ್ಟ್ಸ್ ಕ್ಷೇತ್ರವನ್ನು ಹೊರಗೇ ತಡೆಯುತ್ತವೆ. ಮೈ ತೆರೆದಿದ್ದಾಗ ಗಿಗಾಓಮ್ ಸಂಧಿ ಒಂದು ಆಂಟೆನಾ ಆಗುತ್ತದೆ. ಹಾಗಾಗಿ ಮೈ ಮುಚ್ಚಿ, ಸ್ಕ್ರೂ ಬಿಗಿದ ಮೇಲೆಯೇ ತೀರ್ಪು ಕೊಡಬೇಕು. ಆಗಲೂ ಸದ್ದು ಉಳಿದರೆ ಮೈಯಿಂದ 1ನೇ ಪಿನ್‌ಗೆ ಹೋಗುವ ಸಂಪರ್ಕವನ್ನು ನೋಡಬೇಕು, ಮೈಗೆ ಹಚ್ಚಿದ ಬಣ್ಣವೇ ಬಹಳ ಸಲ ಅದನ್ನು ತಡೆದಿರುತ್ತದೆ.

ಎಫ್‌ಇಟಿಯನ್ನು ಹದಕ್ಕೆ ತರುವ ಕೆಲಸವೊಂದು ಉಳಿಯುತ್ತದೆ. ಒಂದೇ ನಂಬರಿನ ಎರಡು ಎಫ್‌ಇಟಿಗಳು ಒಂದೇ ತೆರನಾಗಿ ನಡೆಯುವುದಿಲ್ಲ, ಅದಕ್ಕೇ ಬೋರ್ಡಿನಲ್ಲಿ ತಿರುಗಿಸುವ ಒಂದು ಟ್ರಿಮ್ಮರ್ ಇರುತ್ತದೆ. ಕಿಟ್‌ನ ಸೂಚನೆಯಲ್ಲಿ ಹೇಳಿದ ವೋಲ್ಟೇಜಿಗೆ ಅದನ್ನು ತಿರುಗಿಸಿದರೆ ಸಾಮಾನ್ಯವಾಗಿ ಸಾಕು, ಆದರೆ ಮೀಟರಿನ ತಂತಿಯ ಮೊನೆಯನ್ನು ಗೇಟಿಗೆ ಮುಟ್ಟಿಸಬಾರದು. ಮೀಟರಿನ ಒಳರೋಧ 10 ಮೆಗಾಓಮ್ ಮಾತ್ರ ಇರುವುದರಿಂದ ಅದು ಮುಟ್ಟಿದ ಕ್ಷಣವೇ ಅಲ್ಲಿನ ಒತ್ತಡವನ್ನು ಕೆಡಿಸಿ ತಪ್ಪು ಸಂಖ್ಯೆ ತೋರಿಸುತ್ತದೆ. ಇನ್ನೂ ನಿಖರತೆ ಬೇಕೆನ್ನುವವರು ಕ್ಯಾಪ್ಸೂಲನ್ನು ಬಿಡಿಸಿ, ಅದರ ಜಾಗದಲ್ಲಿ ಕ್ಯಾಪ್ಸೂಲಿನಷ್ಟೇ ಮೌಲ್ಯದ ಸಣ್ಣ ಕೆಪಾಸಿಟರಿನ ಮೂಲಕ 1 ಕಿಲೋಹರ್ಟ್ಸ್ ಸ್ವರ ಕೊಟ್ಟು, ಅಲೆಯ ಚಿತ್ರವನ್ನು ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ನೋಡುತ್ತ ಸ್ವರವನ್ನು ಜೋರು ಮಾಡಬಹುದು; ಅಲೆಯ ನೆತ್ತಿಯೂ ತಳವೂ ಒಂದೇ ಹೊತ್ತಿಗೆ ಚಪ್ಪಟೆಯಾಗುವಂತೆ ಟ್ರಿಮ್ಮರ್ ನಿಂತ ಜಾಗವೇ ಹದ. ಚಪ್ಪಟೆಯಾಗುವುದು ಮೈಕಿನಲ್ಲೇ ಹೊರತು ಇಂಟರ್‌ಫೇಸಿನಲ್ಲಲ್ಲ ಎಂಬುದನ್ನು ಮೊದಲು ಅದರ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ತಗ್ಗಿಸಿ ಖಾತ್ರಿ ಮಾಡಿಕೊಳ್ಳಬೇಕು. ಮತ್ತೆ ಮೈಕ್ ತೆರೆಯುವ ಮುಂಚೆ ಫ್ಯಾಂಟಮ್ ಪವರ್ ಆರಿಸಿ, ಕೆಪಾಸಿಟರುಗಳು ಖಾಲಿಯಾಗಲು ಅರ್ಧ ನಿಮಿಷ ಬಿಡುವುದು ಒಳ್ಳೆಯದು.

ಮುಗಿದ ಮೈಕನ್ನು ಹೇಗೆ ಬಳಸುತ್ತೇವೆಂಬುದರ ಮೇಲೂ ಧ್ವನಿ ಸ್ವಲ್ಪ ಅವಲಂಬಿಸಿದೆ. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಂಥ ಕಡೆ ಸ್ಟುಡಿಯೊದ ಗೋಡೆ, ಬಾಗಿಲುಗಳನ್ನೇ ಧ್ವನಿಗೆಂದು ಕಟ್ಟಿರುತ್ತಾರೆ. ನಮ್ಮ ಮನೆಗಳ ಸಿಮೆಂಟ್ ಗೋಡೆ ಮತ್ತು ಕಲ್ಲಿನ ನೆಲ ಪ್ರತಿಯೊಂದು ಸ್ವರವನ್ನೂ ಹಿಂದಕ್ಕೆ ಎಸೆಯುತ್ತವೆ, ಒಳ್ಳೆಯ ಕಂಡೆನ್ಸರ್ ಮೈಕ್ ಅದನ್ನೂ, ಹೊರಗೆ ಹಾಯ್ದುಹೋಗುವ ಚಿಗರಿ ಬಸ್ಸನ್ನೂ ಅಷ್ಟೇ ನಿಷ್ಠೆಯಿಂದ ಹಿಡಿಯುತ್ತದೆ. ಹಾಡುವವರ ಬೆನ್ನ ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ದಪ್ಪನೆಯ ಕೌದಿಗಳನ್ನು ಇಳಿಬಿಟ್ಟರೆ ಗೋಡೆಯ ಮಾರುದನಿ ಗಮನಾರ್ಹವಾಗಿ ತಗ್ಗುತ್ತದೆ, ಬಸ್ಸಿನ ಗುಡುಗನ್ನು ಮಾತ್ರ ಕೌದಿ ತಡೆಯಲಾರದು. ತಂಬೂರಿಗೆ ಎರಡು ಮೂರು ಅಡಿ, ಗಾಯನಕ್ಕೆ ಒಂದು ಅಡಿಯ ಆಸುಪಾಸಿನಿಂದ ತೊಡಗಿ ಕಿವಿ ಹೇಳಿದಂತೆ ಸರಿಸಿಕೊಳ್ಳಬಹುದು. ಹೋಳಿಯಲ್ಲಿ ಹುಬ್ಬಳ್ಳಿಯ ಬೀದಿಗಳಲ್ಲಿ ಬಾರಿಸುವ ಜಗ್ಗಲಿಗೆಯಂಥ ವಾದ್ಯದ ಮುಂದೆ ಈ ಮೈಕ್ ಇಡುವ ಆಸೆಯಾದರೆ ಕಿಟ್‌ನಲ್ಲಿ ಪ್ಯಾಡ್ ಸ್ವಿಚ್ ಇದೆಯೇ ಎಂದು ನೋಡಬೇಕು. ಅದು ಕ್ಯಾಪ್ಸೂಲಿಗೆ ಪಕ್ಕದಲ್ಲಿ ಇನ್ನೊಂದು ಕೆಪಾಸಿಟರನ್ನು ಸೇರಿಸಿ, ಎಫ್‌ಇಟಿಯನ್ನು ಮುಟ್ಟುವ ಮೊದಲೇ ಸಂಕೇತವನ್ನು ಸುಮಾರು 10 ಡೆಸಿಬಲ್ ಇಳಿಸುತ್ತದೆ. ಇಂಟರ್‌ಫೇಸಿನ ಗೇನ್ ತಗ್ಗಿಸಿದರೆ ಆ ಕೆಲಸ ಆಗದು, ಏಕೆಂದರೆ ಅಷ್ಟರೊಳಗೆ ಧ್ವನಿ ಮೈಕಿನಲ್ಲೇ ಒಡೆದಿರುತ್ತದೆ. ಪ್ಯಾಡ್ ಇಲ್ಲದ ಕಿಟ್ ಆದರೆ ಜಗ್ಗಲಿಗೆಗೆ ಜೋರು ಸದ್ದನ್ನು ತಾಳುವ ಡೈನಮಿಕ್ ಬಗೆಯ ಮೈಕನ್ನೇ ಬಳಸುವುದು ಲೇಸು.